ಮುಂಬೈ ಸಭಾಂಗಣದಲ್ಲಿ ಯಕ್ಷಗಾನದ ಫೋಟೋ: ಕ್ಯಾಮೆರಾ ಸೆಟ್ಟಿಂಗ್, ಲೆನ್ಸ್ ಮತ್ತು ಚೆಂಡೆಯ ಪೆಟ್ಟು

ಪತ್ತನಾಜೆಗೆ (ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಮಾಹಿಮ್‌ನ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಭವನದಂಥ ಕಡೆ ಮಳೆಗಾಲದಲ್ಲಿ ಆಟ ನೋಡಲು ಸಿಗುತ್ತದೆ. ಬಯಲಾಟದಲ್ಲಾದರೆ ರಂಗಸ್ಥಳದ ಸುತ್ತ ಓಡಾಡಿ ಕೋನ ಬದಲಿಸಬಹುದು. ಸಭಾಂಗಣದಲ್ಲಿ ಕುರ್ಚಿ ಒಂದೇ, ಬೆಳಕು ಮಾತ್ರ ಹತ್ತು ಬಗೆ. ಹೀಗಾಗಿ ಕ್ಯಾಮೆರಾದ ಲೆಕ್ಕವೆಲ್ಲ ಪೂರ್ವರಂಗ ಮುಗಿಯುವಷ್ಟರಲ್ಲಿ ಮುಗಿದಿರಬೇಕು. ಪ್ರಸಂಗ ಶುರುವಾದ ಮೇಲೆ ಕಣ್ಣು ವೇಷದ ಮೇಲೆ, ಕಿವಿ ಚೆಂಡೆಯ ಮೇಲೆ.

ಎಲ್ಲಿ ಕೂರಬೇಕು, ಯಾವ ಲೆನ್ಸ್

ಮೊದಲ ಸಾಲು ಒಳ್ಳೆಯದಲ್ಲ. ವೇದಿಕೆ ಎತ್ತರದಲ್ಲಿರುವುದರಿಂದ ಅಲ್ಲಿಂದ ವೇಷಧಾರಿಯ ಗಲ್ಲದ ಕೆಳಭಾಗ ಕಾಣುತ್ತದೆ, ಮೈಕ್ ಸ್ಟ್ಯಾಂಡ್ ಅಡ್ಡ ಬರುತ್ತದೆ. ಬಡಗಿನ (ಉತ್ತರದ ಶೈಲಿಯ) ಮಂಡಿ ಕುಣಿತ, ಅಂದರೆ ಮೊಣಕಾಲೂರಿ ಸುತ್ತುವ ಕುಣಿತವಿದ್ದರಂತೂ ಮೊಣಕಾಲು ಕಾಣಿಸುವುದೇ ಇಲ್ಲ. ಐದರಿಂದ ಎಂಟನೇ ಸಾಲಿನ ನಡುವೆ, ನಡುದಾರಿಗೆ ತಾಗಿದ ಕುರ್ಚಿ ಹಿಡಿಯಿರಿ. ಒಂದು ಪಕ್ಕಕ್ಕೆ ಮುಂದೆ ತಲೆಗಳಿರುವುದಿಲ್ಲ, ಕಣ್ಣಿನ ಮಟ್ಟ ವೇದಿಕೆಯ ಮಟ್ಟಕ್ಕೆ ಹತ್ತಿರ ಬರುತ್ತದೆ.

ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 10 ಮೀಟರ್ ದೂರದಿಂದ 200 ಮಿ.ಮೀ. ಲೆನ್ಸ್ ಹಿಡಿದರೆ ಚೌಕಟ್ಟಿಗೆ ಸಿಗುವುದು ಸುಮಾರು 1.8 ಮೀಟರ್ ಅಗಲ, 1.2 ಮೀಟರ್ ಎತ್ತರ. ಎದೆಯಿಂದ ಮೇಲಿನ ಭಾಗಕ್ಕೆ ಅದು ಸರಿ. ಕಿರೀಟ ಸೇರಿ ಇಡೀ ವೇಷ ಬೇಕಾದರೆ 100 ಮಿ.ಮೀ.ಗೆ ಇಳಿಯಬೇಕು, ಆಗ 3.6 ಅಗಲ, 2.4 ಎತ್ತರ. ದಿಗಿಣ (ನೆಗೆದು ಗಾಳಿಯಲ್ಲಿ ತಿರುಗುವುದು) ಹೊಡೆಯುವಾಗ ಇದೂ ಸಾಲದು. 70ಕ್ಕೆ ಬಂದು ಸುತ್ತಲೂ ಜಾಗ ಬಿಡಿ. ಆಟದ ಫೋಟೋಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಕಿರೀಟದ ತುದಿ ಕತ್ತರಿಸಿ ಹೋಗುವುದು. ಬಣ್ಣದ ವೇಷದ (ರಕ್ಕಸ ಪಾತ್ರ) ದೊಡ್ಡ ಕಿರೀಟವಾದ ಕೇಸರಿತಟ್ಟಿ ಅರ್ಧ ಕತ್ತರಿಸಿಹೋದರೆ ಆ ವೇಷದ ಗಾತ್ರ, ಗಾಂಭೀರ್ಯ ಎರಡೂ ಹೋಯಿತು.

70-200 ಮಿ.ಮೀ. ಎಫ್ 2.8 (ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು) ಇದ್ದರೆ ಒಂದೇ ಲೆನ್ಸಿನಲ್ಲಿ ಆಟ ಮುಗಿಸಬಹುದು. ಇಲ್ಲದಿದ್ದರೆ 85 ಮಿ.ಮೀ. ಎಫ್ 1.8 ಕಡಿಮೆ ಬೆಲೆಯಲ್ಲಿ ಬಹಳ ಕೆಲಸ ಮಾಡುತ್ತದೆ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದವರಿಗೆ ಅದು 128ರಿಂದ 136 ಮಿ.ಮೀ.ನಷ್ಟು ಹತ್ತಿರ ತರುತ್ತದೆ. ಕಿಟ್ ಜೊತೆ ಬರುವ ಎಫ್ 5.6ರ ಉದ್ದನೆಯ ಜೂಮ್‌ನಲ್ಲಿ ಎಫ್ 2.8ರ ಕಾಲು ಭಾಗ ಬೆಳಕು ಮಾತ್ರ ಒಳಗೆ ಬರುವುದರಿಂದ ಕುಣಿತಕ್ಕೆ ಅದನ್ನು ನಂಬಬೇಡಿ. ಫೋರ್ಟ್‌ನ ಬೋರಾ ಬಜಾರ್ ಕಡೆ ಹಳೆಯ ಲೆನ್ಸ್ ಕೊಳ್ಳುವುದಾದರೆ ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು, ಬಿಟ್ಟುಬಿಡಿ.

ಬೆಳಕು

ಅಟೋ ಮೋಡ್ ಇಲ್ಲಿ ಸೋಲುತ್ತದೆ. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೋಗಿ ಮುಖವನ್ನು ಸುಣ್ಣದಂತೆ ಮಾಡುತ್ತದೆ. ಹಿಂದೆ ಎಲ್‌ಇಡಿ ಗೋಡೆ ಇದ್ದರೆ ಮುಖ ಕಪ್ಪಾಗುತ್ತದೆ. ಮ್ಯಾನುಯಲ್‌ಗೆ ಹಾಕಿ, ಎಫ್ 2.8, ಶಟರ್ 1/250 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 3200ರಿಂದ ಆರಂಭಿಸಿ. ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವಾಗ ಹತ್ತಾರು ಚಿತ್ರ ತೆಗೆದು ಮುಖವನ್ನು ಹಿಗ್ಗಿಸಿ ನೋಡಿ, ಹಣೆ ಮತ್ತು ಕೆನ್ನೆಯ ಬಣ್ಣದಲ್ಲಿ ವಿವರ ಉಳಿದಿರಬೇಕು. ಕಿರೀಟದ ಕನ್ನಡಿ ಚೂರುಗಳು ಮಿಂಚಿ ಬಿಳಿಯಾದರೆ ಚಿಂತೆಯಿಲ್ಲ, ಅವು ಹೊಳೆಯಲಿಕ್ಕೇ ಇರುವುದು. ಆದರೆ ರಕ್ಕಸ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಇಟ್ಟ ಚಿಟ್ಟಿಯ ಒಂದೊಂದು ಚುಕ್ಕಿಯೂ ಬಿಡಿಯಾಗಿ ಕಾಣಬೇಕು. ಅವು ಸೇರಿ ಬಿಳಿ ಪಟ್ಟೆಯಾದರೆ ಮೂರನೇ ಒಂದು ಸ್ಟಾಪ್‌ನಂತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸುತ್ತಾ ಬನ್ನಿ.

ಕೆಂಪು ಬೆಳಕು ಇನ್ನೊಂದು ತೊಂದರೆ. ಎಲ್‌ಇಡಿ ಪಾರ್ ಲೈಟ್ ಕೆಂಪಗಾದಾಗ ಬರುವುದು ಬಹುಮಟ್ಟಿಗೆ ಒಂದೇ ಬಣ್ಣದ ಬೆಳಕು. ಸಾಮಾನ್ಯ ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿಯೇ ಕಂಡರೂ ಕೆಂಪು ಚಾನೆಲ್ ಮಾತ್ರ ತುಂಬಿ ತುಳುಕಿರುತ್ತದೆ. ಕೆಂಪು ಸೀರೆಯ ನೆರಿಗೆಗಳು ಅಳಿಸಿಹೋಗಿ ಬಣ್ಣದ ಮುದ್ದೆಯೊಂದೇ ಉಳಿಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಮರಳಿ ಕೊಡದು. ಮೂರು ಬಣ್ಣವನ್ನೂ ಬೇರೆಬೇರೆ ತೋರಿಸುವ ಹಿಸ್ಟೊಗ್ರಾಮ್ ಆನ್ ಮಾಡಿಕೊಳ್ಳಿ, ಕೆಂಪು ಬೆಳಕು ಬಂದಾಗ ಒಂದು ಸ್ಟಾಪ್ ಕಡಿಮೆ ಮಾಡಿ. ಪಿಕ್ಚರ್ ಸ್ಟೈಲ್ ನ್ಯೂಟ್ರಲ್ ಇರಲಿ. ಪರದೆಯ ಹಿಸ್ಟೊಗ್ರಾಮ್ ಜೆಪೆಗ್ ಲೆಕ್ಕದ್ದು, ವಿವಿಡ್ ಇದ್ದರೆ ಅದು ಇಲ್ಲದ ಅಪಾಯವನ್ನೂ ತೋರಿಸುತ್ತದೆ.

ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬಂದರೆ ಕಾರಣ ದೀಪದ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಸ್, ಅದರಿಂದ ಉರಿಯುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. 1/100 ಅಥವಾ 1/50ರಲ್ಲಿ ತೆಗೆದರೆ ಪೂರ್ತಿ ಏರಿಳಿತ ಒಳಗೆ ಬಂದು ಪಟ್ಟೆ ಹೋಗುತ್ತದೆ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಅದು ಬೆಳಕು ಏರಿದ ಗಳಿಗೆಗೆ ಕಾದು ಶಟರ್ ಬಿಡುತ್ತದೆ. ವೇದಿಕೆಯ ಎಲ್‌ಇಡಿ ದೀಪವನ್ನು ಮಂದ ಮಾಡಿದಾಗ ಅದು ಇದಕ್ಕಿಂತ ಬಹಳ ಬೇಗ ಆರಿ ಉರಿಯುವುದರಿಂದ ಅಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿ, 1/500ರಲ್ಲಿ ಪಟ್ಟೆ ಕಂಡರೆ 1/320, 1/250 ಎಂದು ಇಳಿಯುತ್ತಾ ಪಟ್ಟೆ ಮಾಯವಾಗುವಲ್ಲಿ ನಿಲ್ಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಪಟ್ಟೆಯನ್ನು ಹೆಚ್ಚಿಸುತ್ತದೆ. ಹಾಗಾಗಿ ಅರ್ಥಗಾರಿಕೆಯ ನಡುವೆ ಟಕಟಕ ಸದ್ದು ಮಾಡದೆ, ಚೆಂಡೆ ಬಿದ್ದಾಗ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಫ್ಲಾಶ್ ಬೇಡವೇ ಬೇಡ. ವೇದಿಕೆಯ ಅಂಚಿನಲ್ಲಿ ಸುತ್ತುತ್ತಿರುವ ಕಲಾವಿದರಿಗೆ ಕಣ್ಣು ಕತ್ತಲೆ ಬಂದರೆ ಬೀಳುವ ಅಪಾಯವಿದೆ. ಫೋಕಸ್‌ಗೆ ಸಹಾಯ ಮಾಡುವ ಪುಟ್ಟ ದೀಪವನ್ನೂ ಬೀಪ್ ಸದ್ದನ್ನೂ ಆಫ್ ಮಾಡಿ, ಪರದೆಯ ಬೆಳಕು ತಗ್ಗಿಸಿ.

ಫೋಕಸ್

200 ಮಿ.ಮೀ., ಎಫ್ 2.8, 10 ಮೀಟರ್: ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 40 ಸೆಂ.ಮೀ. ಒಂದು ವೇಷಕ್ಕೆ ಸಾಕು. ಹಿಂದೆ ಮುಂದೆ ನಿಂತ ಇಬ್ಬರಿಗೆ ಸಾಲದು, ಎಫ್ 5.6ಕ್ಕೆ ಹೋಗಬೇಕು. ಸಂಭಾಷಣೆಯಲ್ಲಿ ಚಲನೆ ಕಡಿಮೆ, 1/125 ನಡೆಯುತ್ತದೆ. ಸ್ತ್ರೀವೇಷ, ಪುಂಡುವೇಷಕ್ಕೆ (ತರುಣ ವೀರರ ಪಾತ್ರ) ಕಣ್ಣು ಹುಡುಕುವ ಆಟೋಫೋಕಸ್ ಚೆನ್ನಾಗಿ ಹಿಡಿಯುತ್ತದೆ. ಬಣ್ಣದ ವೇಷದಲ್ಲಿ ಮಾತ್ರ ಅದು ದಾರಿ ತಪ್ಪಿ ಕಿರೀಟದ ಹೊಳಪಿಗೋ ಭುಜಕೀರ್ತಿಗೋ ಅಂಟಿಕೊಳ್ಳಬಹುದು. ಆಗ ಒಂದೇ ಬಿಂದುವಿನ ನಿರಂತರ ಫೋಕಸ್‌ಗೆ ಬದಲಿಸಿ, ಬಿಂದುವನ್ನು ಮುಖದ ಮೇಲೆ ಇಡಿ. ಹೊಗೆ ಬಿಟ್ಟಾಗ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ತೆರೆಯ ಅಂಚಿಗೆ ಮೊದಲೇ ಫೋಕಸ್ ಮಾಡಿ ಮ್ಯಾನುಯಲ್‌ನಲ್ಲಿ ಕಾಯ್ದಿರಿಸಿ, ತೆರೆ ಸರಿದಾಗ ವೇಷ ಅಲ್ಲೇ ನಿಂತಿರುತ್ತದೆ.

ಯಾವಾಗ ಒತ್ತಬೇಕು

ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೂ ಬೆರಳು ಒತ್ತಿಯೇ ಹಿಡಿಯಬೇಡಿ. ಬಫರ್ ತುಂಬಿ ಕ್ಯಾಮೆರಾ ನಿಲ್ಲುವುದು ಬೇಕಾದ ಗಳಿಗೆಯಲ್ಲೇ. ಪದ್ಯದ ಕೊನೆಯಲ್ಲಿ ಚೆಂಡೆ ಏರುತ್ತದೆ, ಬಿಡ್ತಿಗೆ (ಮುಕ್ತಾಯದ ಪೆಟ್ಟುಗಳ ಸಾಲು) ಬೀಳುತ್ತದೆ, ಕೊನೆಯ ಪೆಟ್ಟಿಗೆ ವೇಷಧಾರಿ ಒಂದು ನಿಲುವಿನಲ್ಲಿ ಕ್ಷಣ ಹೊತ್ತು ನಿಲ್ಲುತ್ತಾನೆ. ಆ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಒತ್ತಿ ಮೂರ್ನಾಲ್ಕು ಚಿತ್ರ ತೆಗೆದು ಬಿಡಿ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ಕೈ ಆಗಲೇ ಇಳಿದಿರುತ್ತದೆ.

ದಿಗಿಣಕ್ಕೂ ಇದೇ ಮಾತು. ಮೊದಲ ಎರಡು ಮೂರು ಸುತ್ತು ಬರೀ ಕೇಳಿ, ಲಯ ಹಿಡಿಯಿರಿ. ನೆಗೆತದ ತುದಿಯಲ್ಲಿ ದೇಹ ಮೇಲೂ ಹೋಗದೆ ಕೆಳಗೂ ಬಾರದೆ ಇರುತ್ತದೆ, ಆದರೆ ತಿರುಗುವುದು ನಿಲ್ಲದು. ಅದಕ್ಕೆ 1/640ರಿಂದ 1/800 ಬೇಕು, ಐಎಸ್‌ಒ 6400ಕ್ಕೆ ಏರಿಸಲು ಹಿಂಜರಿಯಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಕದಡಿದ ಮುಖವನ್ನು ತಿದ್ದಲಾಗದು. ಚಲನೆಯನ್ನೇ ತೋರಿಸಬೇಕೆಂದಿದ್ದರೆ ಒಬ್ಬ ನಿಂತು ಇನ್ನೊಬ್ಬ ಸುತ್ತುವ ಸಂದರ್ಭ ಕಾಯಿರಿ. ಮಾನೊಪಾಡ್ ಮೇಲೆ 1/15ರಲ್ಲಿ ತೆಗೆದರೆ ನಿಂತವನು ಸ್ಪಷ್ಟವಾಗಿ, ಸುತ್ತುವವನು ಬಣ್ಣದ ಸುಳಿಯಾಗಿ ಬರುತ್ತಾರೆ. ಮಂಡಿ ಕುಣಿತಕ್ಕೆ ಇದು ಬಲು ಸೊಗಸು.

ಚೌಕಿಗೆ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಹೋಗುವುದಾದರೆ ತಂಡದ ಯಜಮಾನರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಅಲ್ಲಿ ಗಣಪತಿಯ ಪೂಜೆ ನಡೆಯುತ್ತದೆ. 35 ಮಿ.ಮೀ., ಎಫ್ 2, 1/100 ಸಾಕು. ಉಡುಗೆ ಕಟ್ಟುವಾಗ ಕ್ಯಾಮೆರಾ ಕೆಳಗಿರಲಿ.

ಬಣ್ಣ, ಆಮೇಲೆ ತೇವ

ರಾ (ಸೆನ್ಸರಿನ ಕಚ್ಚಾ ಮಾಹಿತಿಯ) ಫೈಲಿನಲ್ಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಸರಿಪಡಿಸಲು ಮುಖವನ್ನು ಅಳತೆಗೆ ಹಿಡಿಯಬೇಡಿ, ಅದು ಬಣ್ಣ ಹಚ್ಚಿದ ಮುಖ. ಭಾಗವತರ ಬಿಳಿ ಪಂಚೆಯ ಮೇಲೆ ಸಾಫ್ಟ್‌ವೇರಿನ ಐಡ್ರಾಪರ್ (ಬಣ್ಣ ಅಳೆಯುವ ಸಾಧನ) ಒತ್ತಿದರೆ ಇಡೀ ವೇದಿಕೆಯ ಬಣ್ಣ ಹದಕ್ಕೆ ಬರುತ್ತದೆ. ಬಿಳಿ ಬೆಳಕಿದ್ದಾಗಿನ ಚಿತ್ರದಲ್ಲಿ ಇದನ್ನು ಮಾಡಿ, ಉಳಿದವಕ್ಕೆ ಅದನ್ನೇ ನಕಲು ಮಾಡಿ.

ಎಸಿ ಸಭಾಂಗಣದಲ್ಲಿ ನಾಲ್ಕು ತಾಸು ತಣ್ಣಗಾದ ಕ್ಯಾಮೆರಾವನ್ನು ಜುಲೈ ತಿಂಗಳ ಮುಂಬೈ ಗಾಳಿಗೆ ಒಡ್ಡಿದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಒಳಗಿರುವಾಗಲೇ ಚೀಲದಲ್ಲಿಟ್ಟು ಜಿಪ್ ಎಳೆಯಿರಿ, ಮನೆ ಮುಟ್ಟಿದ ಮೇಲೆ ಅರ್ಧ ಗಂಟೆ ತೆರೆಯಬೇಡಿ. ಮಂಜು ಕಟ್ಟಿದ್ದರೆ ಲೆನ್ಸ್ ಬಿಚ್ಚಬೇಡಿ, ಒಳಗಿನ ಸೆನ್ಸರಿಗೂ ತೇವ ತಗಲುತ್ತದೆ. ಮಳೆಗಾಲ ಪೂರ್ತಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ಪುಟ್ಟ ತೇವಮಾಪಕ ಹಾಕಿಡಿ, ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. ಅಕ್ಕಿಯಲ್ಲಿ ಹುಗಿಯುವುದು ಬೇಡ, ಅದರ ಹುಡಿ ಲೆನ್ಸಿನ ಸಂದಿಗೆ ಇಳಿಯುತ್ತದೆ. ಚರ್ಮದ ಚೀಲವೂ ಬೇಡ, ಅದು ತೇವ ಹೀರಿ ಬೂಸ್ಟಿಗೆ ಮನೆಯಾಗುತ್ತದೆ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಸಿರಾದಾಗ ಒಲೆಯ ಮೇಲೆ ಬೇರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಅಡುಗೆಮನೆಗೆ ತರಬೇಡಿ.