ರಾಕ್ ಫಾಸ್ಫೇಟ್ ಕರಗಿಸೋಕೆ ದ್ವಿದಳ ಬೆಳೆ

ರಂಜಕದ (ಫಾಸ್ಫರಸ್) ಗೊಬ್ಬರ ಅಂತ ರಾಕ್ ಫಾಸ್ಫೇಟ್ ತಂದು ಹೊಲದ ಮೇಲೆ ಎರಚಿ, ತಿಂಗಳಾದ ಮೇಲೆ ‘ಬರೀ ಕಲ್ಲುಪುಡಿ ಮಾರಂಗೆ ಮಾರಿದ್ರು’ ಅಂತ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಕಲ್ಲುಪುಡಿಯೇ. ನೀರಿಗೆ ಕರಗುವುದಿಲ್ಲ, ಹುಳಿಗೆ (ಆಮ್ಲಕ್ಕೆ) ಕರಗುತ್ತದೆ. ಹುಳಿ ಮಣ್ಣಲ್ಲಿ ದ್ವಿದಳ ಬೆಳೆ ಬೆಳೆದರೆ ಅದರ ಬೇರೂ ಹುಳಿ ಬಿಟ್ಟು ಕರಗಿಸಲು ನೆರವಾಗುತ್ತದೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಓದಿ. 7 ದಾಟಿದ್ದರೆ ಸುಮ್ನೆ ನೀರಿಗೆ ಕರಗುವ ಸೂಪರ್ ಫಾಸ್ಫೇಟ್ ತನ್ನಿ.

ಕೊಳ್ಳುವಾಗ ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿರಬೇಕು. ಮರಳಿನ ಹಾಗೆ ತರಿತರಿ ಸಿಕ್ಕರೆ ಎಷ್ಟೇ ಅಗ್ಗವಾದರೂ ಬೇಡ. ಚೀಲದ ಮೇಲೆ ದಪ್ಪಕ್ಷರದಲ್ಲಿರುವುದು ಒಟ್ಟು ರಂಜಕದ ಲೆಕ್ಕ, ಗಿಡಕ್ಕೆ ಸಿಗುವ ಲೆಕ್ಕವಲ್ಲ.

ಎಡವುವುದು ಬೆರೆಸುವಾಗ. ರಂಜಕ ಮಣ್ಣಲ್ಲಿ ಓಡಾಡುವುದಿಲ್ಲ, ಗಿಡದ ಬೇರೇ ಅದರ ಹತ್ತಿರ ಹೋಗಬೇಕು. ಸೂಪರ್ ಫಾಸ್ಫೇಟನ್ನು ಸಾಲಿಗೆ ಹಾಕುತ್ತೇವಲ್ವಾ, ಇದನ್ನು ಹಾಗೆ ಹಾಕಬೇಡಿ. ಒಂದೇ ಕಡೆ ಗುಡ್ಡೆ ಬಿದ್ದರೆ ಸುತ್ತಲಿನ ಹುಳಿ ಸಾಲುವುದಿಲ್ಲ. ಇಡೀ ಹೊಲಕ್ಕೆ ಎರಚಿ, ಬಿತ್ತನೆಗೆ ಮುಂಚೆಯೇ 10–15 ಸೆಂ.ಮೀ. ಆಳದವರೆಗೆ ಮಣ್ಣಲ್ಲಿ ಬೆರೆಸಿ. ಸುಣ್ಣವನ್ನಂತೂ ಜೊತೆಗೆ ಹಾಕಲೇಬೇಡಿ. ಮಣ್ಣಿನ ಹುಳಿ ಇಳಿದು ಪುಡಿ ಕಲ್ಲಾಗೇ ಉಳಿಯುತ್ತದೆ.

ದ್ವಿದಳ ಬೆಳೆ ಬಿತ್ತುವುದು ಸುಲಭ. ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಹಚ್ಚಿ ಬಿತ್ತಿ. ಸೆಣಬು (ಸನ್‌ಹೆಂಪ್) ಬೇಗ ಎತ್ತರಕ್ಕೆ ಹೋಗುತ್ತದೆ ನಿಜ, ಆದರೆ ಹುಳಿ ಮಣ್ಣಿಗೆ ನನ್ನ ಓಟು ಅಲಸಂದೆಗೆ.

ಇನ್ನು ಯೂರಿಯಾ ವಿಷಯ. ದ್ವಿದಳ ಗಿಡ ಗಾಳಿಯ ಸಾರಜನಕ ಹಿಡಿಯುವಾಗ ಬೇರಿನ ಸುತ್ತ ಹುಳಿ ಬಿಡುತ್ತದೆ. ಮಣ್ಣಿನ ಹುಳಿಯ ಜೊತೆ ಸೇರಿ ಪುಡಿ ಕರಗಿಸುವುದು ಆ ಹುಳಿಯೇ. ‘ಸ್ವಲ್ಪ ಚುರುಕಾಗಲಿ’ ಅಂತ ನಾನೂ ಒಮ್ಮೆ ಯೂರಿಯಾ ಎರಚಿದ್ದೆ. ಎಲೆ ಕಪ್ಪು ಹಸಿರಾಯಿತು, ಬೇರಲ್ಲಿ ಗಂಟೇ ಇಲ್ಲ. ಕೂತಲ್ಲೇ ಊಟ ಸಿಕ್ಕರೆ ಯಾರು ದುಡಿಯುತ್ತಾರೆ?

35–40 ದಿನಕ್ಕೆ ಒಂದೆರಡು ಗಿಡ ಅಗೆದು ನೋಡಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉದುರುತ್ತವೆ, ಸಲಿಕೆಯಿಂದ ಹೆಂಟೆ ಸಮೇತ ಎತ್ತಿ ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ ಇಲ್ಲ. ರಂಜಕ ಸಾಲದಿದ್ದರೆ ಗಂಟು ಕಡಿಮೆ, ಗಾತ್ರವೂ ಚಿಕ್ಕದು.

ಹೂ ಬರುವಾಗ ಕಡಿದು ಅಲ್ಲೇ ಮಣ್ಣಿಗೆ ಸೇರಿಸಿ. ಮೇವಿಗೆ ಅಂತ ಹೊತ್ತೊಯ್ದರೆ ಕರಗಿಸಿಕೊಂಡ ರಂಜಕವೂ ಅದರ ಜೊತೆಗೇ ಹೋಯಿತು. ಸೊಪ್ಪು ಕೊಳೆಯಲು ಎರಡು ವಾರವಾದರೂ ಬಿಟ್ಟು ಮುಂದಿನ ಬೆಳೆ ಬಿತ್ತಿ. ಮೊದಲ ಸಲಕ್ಕೇ ಪುಡಿಯೆಲ್ಲ ಕರಗುವುದಿಲ್ಲ, ಉಳಿದದ್ದು ಬರುವ ವರ್ಷಗಳ ಬೆಳೆಗೂ ಸಿಗುತ್ತದೆ. ಹಾಗಾಗಿ ಮುಂದಿನ ವರ್ಷವೇ ಇನ್ನೊಂದು ಚೀಲ ಹೊರಬೇಡಿ, ಮತ್ತೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ನೋಡಿ.