ಚರ್ಮದಡಿಯ ಹಳದಿ ಗಂಟು: ತೆಗೆಸುವ ಮೊದಲು ಮಾಡಬೇಕಾದದ್ದು

ಮೊಣಕೈ, ಮಂಡಿ, ಬೆರಳಿನ ಗೆಣ್ಣು ಅಥವಾ ಹಿಮ್ಮಡಿಯ ಮೇಲೆ ಗಂಟು ಕಾಣಿಸಿಕೊಂಡರೆ ಅದನ್ನು ನರಹುಲಿಯೆಂದೋ ಮಾಮೂಲಿ ಕೊಬ್ಬಿನ ಗಡ್ಡೆಯೆಂದೋ ತಿಳಿದು ಸುಡಿಸಲು ಅಥವಾ ಕೊಯ್ಯಿಸಲು ಹೊರಡುವವರೇ ಹೆಚ್ಚು. ಅದು ಜಾಂಥೋಮಾ ಆಗಿದ್ದಲ್ಲಿ, ಅಂದರೆ ರಕ್ತದಲ್ಲಿ ಮಿತಿಮೀರಿದ ಕೊಬ್ಬು ಚರ್ಮದ ಜೀವಕೋಶಗಳಲ್ಲಿ ಶೇಖರವಾಗಿ ಮೂಡಿದ್ದಲ್ಲಿ, ಗಂಟು ಹೋದರೂ ಕಾರಣ ಒಳಗೇ ಉಳಿದು ಹೃದಯದ ರಕ್ತನಾಳಗಳನ್ನು ಕಟ್ಟಿಸುತ್ತಿರುತ್ತದೆ. ಆದ್ದರಿಂದ ಮೊದಲು ರಕ್ತಪರೀಕ್ಷೆ, ಆಮೇಲೆ ಕತ್ತರಿ.

ಹಗಲು ಬೆಳಕಿನಲ್ಲಿ ಕುಳಿತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿ ನೋಡಿ. ಅದು ದಪ್ಪವಾಗಿ, ಗಟ್ಟಿಯಾಗಿ, ಉಬ್ಬುತಗ್ಗಾಗಿ ಸಿಕ್ಕರೆ ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಇರಬಹುದೆಂದು ಶಂಕಿಸಬೇಕು. ಇಲ್ಲಿ ಕೊಬ್ಬು ಆಳದಲ್ಲಿರುವುದರಿಂದ ಮೇಲಿನ ಚರ್ಮದ ಬಣ್ಣ ಬದಲಾಗದೆಯೂ ಇರುತ್ತದೆ. ಮುಷ್ಟಿ ಬಿಗಿದು ಬಿಡಿಸುವಾಗ ಗೆಣ್ಣಿನ ಗಂಟು ಸ್ನಾಯುರಜ್ಜುವಿನ ಜೊತೆಗೇ ಸರಿಯುತ್ತದೆಯೇ ಎಂಬುದನ್ನೂ ಗಮನಿಸಿ, ಸರಿದರೆ ಅಲ್ಲೂ ಇದೇ ಶಂಕೆ. ಕಣ್ಣುರೆಪ್ಪೆಯ ಹಳದಿ ಪಟ್ಟಿಯೊಂದೇ ಇದ್ದರೆ ಗಾಬರಿ ಬೇಡ, ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕೊಲೆಸ್ಟ್ರಾಲ್ ಸಹಜವಾಗಿಯೇ ಇರುತ್ತದೆ. ಆದರೂ ಪರೀಕ್ಷೆ ಬಿಡಬೇಡಿ.

ರಕ್ತದ ಕೊಬ್ಬಿನ ಪರೀಕ್ಷೆಯಾದ ಲಿಪಿಡ್ ಪ್ರೊಫೈಲ್ ಜೊತೆಗೆ ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳನ್ನೂ ವೈದ್ಯರಲ್ಲಿ ಕೇಳಿ. ವಯಸ್ಕರಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಪ್ರತಿ ಡೆಸಿಲೀಟರ್ ರಕ್ತಕ್ಕೆ 190 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕುಟುಂಬದ ಇತಿಹಾಸವನ್ನು ಕೆದಕಲೇಬೇಕು.

ಪೃಷ್ಠ ಮತ್ತು ಮೊಣಕೈಗಳ ಮೇಲೆ ಕೆಂಪಂಚಿನ ಸಣ್ಣ ಹಳದಿ ಗುಳ್ಳೆಗಳು ಒಮ್ಮೆಲೇ ಗುಂಪಾಗಿ ಎದ್ದು ನವೆಯಾಗತೊಡಗಿದರೆ ತಡಮಾಡುವಂತಿಲ್ಲ. ಸಾಮಾನ್ಯವಾಗಿ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಇದೇ ಅಳತೆಯಲ್ಲಿ 1000 ದಾಟಿದಾಗ ಇವು ಏಳುತ್ತವೆ. ನಿಯಂತ್ರಣ ತಪ್ಪಿದ ಮಧುಮೇಹ, ಮದ್ಯಪಾನ ಅಥವಾ ಕೆಲವು ಔಷಧಿಗಳು ಹಿಂದಿರಬಹುದು, ತೆಗೆದ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಹಾಲಿನಂತೆ ಬೆಳ್ಳಗೆ ಕಾಣಬಹುದು. ಇದರ ಜೊತೆಗೆ ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುವ ತೀವ್ರ ನೋವು ಮತ್ತು ವಾಂತಿ ಬಂದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಸಂಶಯವಿರುವುದರಿಂದ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಟ್ರೈಗ್ಲಿಸರೈಡ್ ಹತೋಟಿಗೆ ಬಂದ ಮೇಲೆ ಈ ಗುಳ್ಳೆಗಳು ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ಇಳಿಯುತ್ತವೆ. ಸ್ನಾಯುರಜ್ಜುವಿನ ಗಂಟುಗಳಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ದೀರ್ಘಕಾಲದ ಚಿಕಿತ್ಸೆಯೇ ಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದ ಮಗುವಿನಲ್ಲಿ ಹತ್ತು ವರ್ಷದೊಳಗೇ ಗಂಟುಗಳು ಮೂಡುತ್ತವೆ, ಎಲ್‌ಡಿಎಲ್ ಹಲವೊಮ್ಮೆ 500 ಮೀರುತ್ತದೆ, ಹೃದಯಾಘಾತ ಎಳೆಯ ವಯಸ್ಸಿನಲ್ಲೇ ಎರಗಬಹುದು. ಸೋದರಮಾವ ಅಥವಾ ಅತ್ತೆಯ ಮಕ್ಕಳೊಂದಿಗಿನ ಮದುವೆಗಳು ಇಂದಿಗೂ ನಡೆಯುವ ನಮ್ಮ ಮನೆತನಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಒಬ್ಬರಲ್ಲಿ ರೋಗ ಖಚಿತವಾದ ಕೂಡಲೇ ಆ ವರದಿಯ ಪ್ರತಿಯನ್ನು ಒಡಹುಟ್ಟಿದವರಿಗೆಲ್ಲ ಕೊಟ್ಟು, ಅವರ ಮತ್ತು ಅವರ ಮಕ್ಕಳ ರಕ್ತವನ್ನೂ ಪರೀಕ್ಷಿಸಲು ಹೇಳಿ.