ಬೋಗಸ್ ಕಂಪನಿಯ ಜಾಡು ಹಿಡಿಯುವುದು ಹೇಗೆ? ವೆರಾಕ್ರೂಸ್ ಗವರ್ನರ್ ಪ್ರಕರಣದಿಂದ ಕಲಿಯಬಹುದಾದ ಕ್ರಮ

ಮೆಕ್ಸಿಕೊದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ಅಲ್ಲ. ಜನರಿಂದ ನೇರವಾಗಿ ಆರಿಸಿ ಬರುವ ಅವರು ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ರಾಜ್ಯದ ಖಜಾನೆ, ಖರೀದಿ ಎರಡೂ ಅವರ ಆಡಳಿತದ ಕೈಯಲ್ಲಿ. ಪಿಆರ್‌ಐ ಪಕ್ಷದ ಹಾವಿಯೆರ್ ದುವಾರ್ತೆ 2010ರ ಡಿಸೆಂಬರ್‌ನಲ್ಲಿ ವೆರಾಕ್ರೂಸ್ ಗವರ್ನರ್ ಆಗುವ ಮೊದಲು ಅದೇ ರಾಜ್ಯದ ಹಣಕಾಸು ಇಲಾಖೆ ನೋಡಿಕೊಂಡವರು. 2016ರ ಮೇನಲ್ಲಿ ಆನಿಮಾಲ್ ಪೊಲಿಟಿಕೊ ಎಂಬ ಸುದ್ದಿತಾಣ, ದುವಾರ್ತೆ ಆಡಳಿತ 21 ಬೋಗಸ್ ಕಂಪನಿಗಳಿಗೆ 73 ಗುತ್ತಿಗೆಗಳಲ್ಲಿ 64.5 ಕೋಟಿ ಪೆಸೊ (ಮೆಕ್ಸಿಕೊದ ನಾಣ್ಯ) ಕೊಟ್ಟಿದೆ ಎಂಬ ಲೆಕ್ಕವನ್ನು ಜನರ ಮುಂದಿಟ್ಟಿತು. ಅಂಥ ತನಿಖೆಯ ಬಹುಪಾಲು ಕೆಲಸ ಸಾರ್ವಜನಿಕ ದಾಖಲೆಗಳಿಂದಲೇ ಆಗುತ್ತದೆ. ಅದರ ಕ್ರಮ ಹೀಗಿದೆ.

ಮೊದಲು ಗುತ್ತಿಗೆ ಪತ್ರ ಸಂಗ್ರಹಿಸಿ. ಮೆಕ್ಸಿಕೊದ ಮಾಹಿತಿ ಹಕ್ಕಿನ ಕಾನೂನಿನಡಿ ಅರ್ಜಿ ಹಾಕಬಹುದು. ಮೊತ್ತ ನೋಡುವ ಮುನ್ನ ಗುತ್ತಿಗೆ ಕೊಟ್ಟ ವಿಧಾನ ನೋಡಿ: ಬಹಿರಂಗ ಟೆಂಡರೋ, ಆಯ್ದ ಕೆಲವರಿಗಷ್ಟೇ ಆಹ್ವಾನವೋ, ನೇರ ಹಂಚಿಕೆಯೋ? ಆಹ್ವಾನವಾದರೆ ಸೋತವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಸೋತವರೂ ಗೆದ್ದವರೂ ಒಂದೇ ಗುಂಪಿನವರಾಗಿದ್ದರೆ ಅಲ್ಲಿ ಪೈಪೋಟಿಯೇ ನಡೆದಿಲ್ಲ.

ಮುಂದಿನದು ಆರ್‌ಎಫ್‌ಸಿ, ಅಂದರೆ ತೆರಿಗೆ ನೋಂದಣಿ ಸಂಖ್ಯೆ. ಇದನ್ನು ನಿಧಾನವಾಗಿ ಓದಬೇಕು. ಕಂಪನಿಯದಾದರೆ 12 ಅಕ್ಷರ, ವ್ಯಕ್ತಿಯದಾದರೆ 13. ಕಂಪನಿಯ ಸಂಖ್ಯೆಯಲ್ಲಿ ಮೊದಲ ಮೂರು ಅಕ್ಷರ ಕಂಪನಿಯ ಹೆಸರಿನಿಂದ ಬಂದವು, ನಂತರದ ಆರು ಅಂಕಿ ಸ್ಥಾಪನೆಯ ವರ್ಷ, ತಿಂಗಳು, ದಿನ. 120315 ಎಂದಿದ್ದರೆ ಕಂಪನಿ ಹುಟ್ಟಿದ್ದು 2012ರ ಮಾರ್ಚ್ 15ರಂದು. ಏಪ್ರಿಲ್‌ನಲ್ಲೇ ಅದಕ್ಕೆ ಕೋಟಿಗಟ್ಟಲೆ ಗುತ್ತಿಗೆ ಸಿಕ್ಕಿದ್ದರೆ ಅಲ್ಲೇ ನಿಂತು ಅನುಮಾನಿಸಿ. ಹೆಸರು ನಂಬಿ ಹುಡುಕಬೇಡಿ. ಒಂದೇ ಬಗೆಯ ಹೆಸರಿನ ಕಂಪನಿಗಳು ಎಷ್ಟೋ ಇರುವುದರಿಂದ ನಿರಪರಾಧಿ ವ್ಯಾಪಾರಿಯ ಮೇಲೆ ಗೂಬೆ ಕೂರಿಸಿದಂತಾಗುತ್ತದೆ.

ನಂತರ ವಾಣಿಜ್ಯ ನೋಂದಣಿ ಕಚೇರಿಯಿಂದ ಪಾಲುದಾರರ ಹೆಸರು, ವಿಳಾಸ, ನೋಟರಿ ಯಾರು ಎಂಬುದನ್ನು ತೆಗೆಸಿ, ವಿಳಾಸಕ್ಕೆ ಖುದ್ದಾಗಿ ಹೋಗಿ. ವೆರಾಕ್ರೂಸ್‌ನಲ್ಲಿ ಕಾಗದದ ಮೇಲಿನ ‘ಕಚೇರಿ’ ಹುಡುಕಿ ಹೋದವರಿಗೆ ಸಿಕ್ಕಿದ್ದು ಬಡಾವಣೆಯ ಸಾಮಾನ್ಯ ಮನೆಗಳು. ನೆರವು ಕೊಡಿಸುತ್ತೇವೆಂದು ನಂಬಿಸಿ ಬಡವರಿಂದ ಸಹಿ ಹಾಕಿಸಿಕೊಂಡು ಅವರನ್ನೇ ಮಾಲೀಕರನ್ನಾಗಿ ತೋರಿಸಲಾಗಿತ್ತು. ಅವರು ಮೋಸಕ್ಕೆ ಸಿಲುಕಿದವರು. ಅವರ ಹೆಸರು, ಮನೆಯ ಫೋಟೊ ಪ್ರಕಟಿಸುವುದು ಅನ್ಯಾಯ.

ಆಮೇಲೆ ಎಸ್‌ಎಟಿ, ಅಂದರೆ ತೆರಿಗೆ ಇಲಾಖೆಯ 69-ಬಿ ಪಟ್ಟಿ ನೋಡಿ. ವ್ಯವಹಾರವೇ ಇಲ್ಲದೆ ಬಿಲ್ ಕೊಟ್ಟವರು ಇದರಲ್ಲಿರುತ್ತಾರೆ. ‘ಶಂಕಿತ’ ಎಂದಿದ್ದರೆ ಆರೋಪ ಅಲ್ಲಗಳೆಯಲು ಕಂಪನಿಗೆ 15 ದಿನ ಕಾಲಾವಕಾಶವಿದೆ. ‘ಅಂತಿಮ’ ಎಂದಾದ ಮೇಲೆ, ಬಿಲ್ ಬಳಸಿದವರು ಸರಕು ನಿಜವಾಗಿ ಬಂದಿತ್ತೆಂದು ತೋರಿಸಲು 30 ದಿನ. ಇವೆರಡನ್ನೂ ಒಂದೇ ಎಂದು ಬರೆದುಬಿಡುವುದು ತೀರಾ ಸಾಮಾನ್ಯ ತಪ್ಪು. ನೋಡಿದ ದಿನಾಂಕವನ್ನೂ ನಮೂದಿಸಿ, ಏಕೆಂದರೆ ಸ್ಥಿತಿ ಬದಲಾಗುತ್ತದೆ.

ಕೊನೆಗೆ ಸರಕು. ಹೊದಿಕೆ, ಶಾಲಾ ಸಾಮಗ್ರಿಗೆ ಹಣ ಪಾವತಿಯಾಗಿದ್ದರೆ ಗೋದಾಮಿನ ಸ್ವೀಕೃತಿ, ಹಂಚಿಕೆ ಪಟ್ಟಿ ಕೇಳಿ. ಆ ಕಾಗದ ಇಲ್ಲದಿದ್ದರೆ ಹೊದಿಕೆ ತಲುಪಬೇಕಾದವರಿಗೆ ತಲುಪಿತೆಂದು ಹೇಳಲು ಯಾವ ಆಧಾರವೂ ಇಲ್ಲ.

ನ್ಯಾಯಾಲಯದ ಭಾಗವನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ದುವಾರ್ತೆ ಅವಧಿ ಮುಗಿಯಲು 48 ದಿನ ಇದ್ದಾಗ, 2016ರ ಅಕ್ಟೋಬರ್ 12ರಂದು, ರಜೆ ಕೋರಿದರು, ಆಮೇಲೆ ತಲೆಮರೆಸಿಕೊಂಡರು. 2017ರ ಏಪ್ರಿಲ್ 15ರಂದು ಗ್ವಾಟೆಮಾಲದ ಪಾನಹಾಚೆಲ್‌ನ ಹೋಟೆಲ್‌ನಲ್ಲಿ ಸಿಕ್ಕಿಬಿದ್ದರು, ಜುಲೈನಲ್ಲಿ ಮೆಕ್ಸಿಕೊಗೆ ಹಸ್ತಾಂತರವಾಯಿತು. ಮೊದಲಿದ್ದ ಸಂಘಟಿತ ಅಪರಾಧದ ಆರೋಪವನ್ನು ಪ್ರಾಸಿಕ್ಯೂಷನ್ ‘ಅಪರಾಧ ಕೂಟ’ಕ್ಕೆ ಇಳಿಸಿತು. ಇದು ಹಗುರವಾದ ಕಲಮು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಹಣ ಅಕ್ರಮ ವರ್ಗಾವಣೆಯನ್ನೂ ಒಪ್ಪಿಕೊಂಡು ಸಂಕ್ಷಿಪ್ತ ವಿಚಾರಣೆಗೆ ಹೋದರು. ಹಾಗೆ ಒಪ್ಪಿಕೊಂಡರೆ ಶಿಕ್ಷೆ ಕಡಿಮೆ. ಸಾಕ್ಷಿಗಳ ಪಾಟೀಸವಾಲು ನಡೆಯುವುದಿಲ್ಲ, ಹಾಗಾಗಿ ಹಣದ ಪೂರ್ತಿ ದಾರಿ ನ್ಯಾಯಾಲಯದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ವೆರಾಕ್ರೂಸ್ ಜನರಿಗೆ ಆದ ದೊಡ್ಡ ನಷ್ಟ ಇದೇ. ಶಿಕ್ಷೆ 9 ವರ್ಷ, ದಂಡ 58,890 ಪೆಸೊ. ಅವಧಿಯನ್ನು ತೀರ್ಪಿನ ದಿನದಿಂದ ಲೆಕ್ಕ ಹಾಕಬೇಡಿ. ಅದು ಬಂಧನದ ದಿನದಿಂದಲೇ ಶುರು.